ಕಸ್ತೂರಿ ಚಿಗವ್ವನ ಊಟಿ

ಮೂರನೆಯವರ ಕುಕ್ಕಿಗಳಿಗೆ ಜಗತ್ತಿನ ಬ್ರೌಸರ್‌ಗಳೆಲ್ಲ ಒಟ್ಟಾಗಿ ಬಾಗಿಲು ಹಾಕಿದ ದಿನ ಹುಬ್ಬಳ್ಳಿಯ ‘ಕಿಂಡಿ’ ಬ್ರೌಸರಿನ ಕಚೇರಿಯಲ್ಲಿ ಪೇಡೆ ಹಂಚಿದರು. ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಹರಡಿದ್ದ ಪರದೆಯ ಮುಂದೆ ಎಲ್ಲರೂ ಗುಂಪಾಗಿ ನಿಂತಿದ್ದರು. ಪರದೆಯ ಮೇಲೆ ಒಂದು ಕೆಂಪು ಗೆರೆ. ಜಾಹೀರಾತು ಕಂಪನಿಗಳು ಜನರ ಬ್ರೌಸರ್‌ಗಳನ್ನು ಕ್ಷಣಕ್ಷಣಕ್ಕೂ ‘ಇವರು ಯಾರು’ ಎಂದು ಕೇಳುತ್ತಿದ್ದವಲ್ಲ, ಆ ಪ್ರಶ್ನೆಗೆ ಸಿಗುತ್ತಿದ್ದ ಉತ್ತರಗಳ ಗೆರೆ ಅದು. ಮುಖ್ಯ ಎಂಜಿನಿಯರ್ ದಾನಮ್ಮ ಕೀಲಿ ಒತ್ತಿದಳು. ಗೆರೆ ಮೊದಲು ಅಲುಗಲಿಲ್ಲ. ಆಮೇಲೆ ಘಟ್ಟ ಇಳಿಯುವ ದಾರಿಯ ಹಾಗೆ ಬಾಗುತ್ತ, ತಡೆಯುತ್ತ, ಇಳಿಯುತ್ತ ಹೋಗಿ ನೆಲ ಮುಟ್ಟಿತು.

“ಮುಗೀತು ನೋಡ್ರಿ ದಾನಕ್ಕ,” ಎಂದ ಇಮ್ತಿಯಾಜ್. ಅವಳ ಕೈಕೆಳಗೆ ಕೆಲಸಕ್ಕೆ ಸೇರಿ, ಈಗ ಅವಳಷ್ಟೇ ಕೆಲಸ ಬಲ್ಲವನು. “ಇನ್ನ ಯಾರ ಬೆನ್ನಿಗೂ ಯಾರೂ ಇಲ್ಲ.”

ದಾನಮ್ಮನಿಗೆ ಈ ದಿನಕ್ಕಾಗಿ ಕೂದಲು ನರೆತಿತ್ತು. ಕುಕ್ಕಿ ಎಂದರೇನು ಎಂದು ಯಾರಾದರೂ ಕೇಳಿದರೆ ಅವಳು ಸುಣ್ಣದ ಬೊಟ್ಟಿನ ಮಾತು ಹೇಳುತ್ತಿದ್ದಳು. ನೀವು ಬಟ್ಟೆ ಅಂಗಡಿಗೆ ಹೋಗುತ್ತೀರಿ. ಅಂಗಡಿಯವನು ನಿಮ್ಮ ಗುರುತಿಟ್ಟುಕೊಂಡರೆ ತಪ್ಪೇನಿಲ್ಲ, ಅದು ಅವನ ಅಂಗಡಿ. ಆದರೆ ಮೂಲೆಯಲ್ಲಿ ನಿಂತ ಇನ್ನೊಬ್ಬ, ನೀವು ಕರೆಯದವನು, ನಿಮಗೆ ತಿಳಿಯದಂತೆ ನಿಮ್ಮ ಸೆರಗಿಗೊಂದು ಸುಣ್ಣದ ಬೊಟ್ಟು ಇಡುತ್ತಾನೆ. ನೀವು ಔಷಧಿ ಅಂಗಡಿಗೆ ಹೋದರೂ, ಬೆಳ್ಳಿಯಂಗಡಿಗೆ ಹೋದರೂ ಅಲ್ಲೆಲ್ಲ ಅವನ ಕಡೆಯವರೇ ನಿಂತಿರುತ್ತಾರೆ. ಬೊಟ್ಟು ನೋಡುತ್ತಾರೆ, ‘ಅದೇ ಹೆಂಗಸು, ಈಗ ಕೆಮ್ಮಿನ ಔಷಧಿ ಕೊಂಡಳು’ ಎಂದು ಬರೆದುಕೊಳ್ಳುತ್ತಾರೆ. ವರ್ಷಗಟ್ಟಲೆ ಹೀಗೆ ಬರೆದರೆ ನಿಮ್ಮ ಬದುಕಿನ ಜಾಡು ಪೂರ್ತಿ ಅವರ ಕೈಯಲ್ಲಿ. ಆ ಬೊಟ್ಟನ್ನು ಇನ್ನು ಮೇಲೆ ಯಾರೂ ಇಡುವಂತಿಲ್ಲ, ಇಟ್ಟದ್ದನ್ನು ಓದುವಂತಿಲ್ಲ. ಬ್ರೌಸರ್‌ಗಳ ಒಕ್ಕೂಟದಲ್ಲಿ ಈ ನಿಯಮಕ್ಕಾಗಿ ವಾದಿಸಿದವರಲ್ಲಿ ದೊಡ್ಡ ಊರುಗಳ ದೊಡ್ಡ ಹೆಸರುಗಳಿದ್ದವು. ಅವರ ನಡುವೆ ಹುಬ್ಬಳ್ಳಿಯ ಪುಟ್ಟ ಬ್ರೌಸರ್ ‘ಕಿಂಡಿ’ಯ ಪರವಾಗಿ ದಾನಮ್ಮನೂ ಇದ್ದಳು.

ಅಂದು ಸಂಜೆ ಅವಳು ಉಳಿದ ಪೇಡೆಯ ಪೊಟ್ಟಣ ಹಿಡಿದು ಕೇಶ್ವಾಪುರದ ಮನೆಗೆ ಬಂದಳು. ಪಡಸಾಲೆಯ ಕಿಟಕಿಯ ಹತ್ತಿರ, ದಿನವೂ ಕೂರುವ ಬೆತ್ತದ ಕುರ್ಚಿಯಲ್ಲಿ ಕಸ್ತೂರಿ ಚಿಗವ್ವ ಟ್ಯಾಬ್ಲೆಟ್ ಹಿಡಿದು ಕೂತಿದ್ದಳು. ಮುಖ ಸಣ್ಣದಾಗಿತ್ತು.

“ದಾನಿ, ಪೇಪರ್ ಹಾಕೋ ಹುಡುಗಗ ಹೇಳು,” ಎಂದಳು. “ಬ್ಯಾರೇದವರ ಮನೀ ಪೇಪರ್ ನಮ್ಮಲ್ಲಿ ಹಾಕಿ ಹೋಗ್ಯಾನ.”

ದಾನಮ್ಮ ಇಣುಕಿ ನೋಡಿದಳು. ಚಿಗವ್ವ ಯಾವಾಗಲೂ ಓದುವ ಸುದ್ದಿಯ ತಾಣವೇ ಅದು. ಬಲಗಡೆಯ ಪಟ್ಟಿಯಲ್ಲಿ ಸಿಮೆಂಟಿನ ಜಾಹೀರಾತು, ಅದರ ಕೆಳಗೆ ಯಾವುದೋ ಕಾರು.

“ಇದು ನಮ್ಮದ ಅಲ್ಲೇನ ಚಿಗವ್ವ? ನೋಡು, ಹೆಸರು ಅದ ಐತಿ.”

“ಹೆಸರು ಅದ ಇದ್ರ ಏನಾತು? ನಮ್ಮ ಪೇಪರ್ ನನಗ ಗೊತ್ತಾಗೂದಿಲ್ಲೇನು?”

ಕಸ್ತೂರಿ ದಾನಮ್ಮನ ತಾಯಿಯ ತಂಗಿ. ಇಪ್ಪತ್ತು ತುಂಬುವ ಹೊತ್ತಿಗೆ ಹುಬ್ಬಳ್ಳಿಯ ಟೆಲಿಫೋನ್ ಟ್ರಂಕ್ ಎಕ್ಸ್‌ಚೇಂಜಿನಲ್ಲಿ, ಊರಿಂದೂರಿಗೆ ಕರೆ ಜೋಡಿಸುವ ಆಪರೇಟರಾಗಿ ಸೇರಿದವಳು. ಅಕ್ಕ ತೀರಿಕೊಂಡಾಗ ಆರು ವರ್ಷದ ದಾನಮ್ಮನನ್ನು ಕರೆದುಕೊಂಡು ಬಂದು, ತಾನು ಮದುವೆಯ ಮಾತೆತ್ತದೆ, ಮೂರು ಪಾಳಿಯ ಕೆಲಸದ ನಡುವೆಯೇ ಸಾಕಿದಳು. ದಾನಮ್ಮನ ಬಾಲ್ಯವೆಂದರೆ ಎಕ್ಸ್‌ಚೇಂಜಿನ ಹೊರಗಿನ ಕಲ್ಲಿನ ಕಟ್ಟೆ. ಶಾಲೆ ಬಿಟ್ಟು ಅಲ್ಲಿ ಕೂತರೆ ಒಳಗಿನಿಂದ ಸಾಲಾಗಿ ಕೂತ ಹೆಂಗಸರ ದನಿ ಕೇಳುತ್ತಿತ್ತು: ಗದಗ, ಗದಗ, ಹೇಳ್ರಿ, ಸೊಲ್ಲಾಪುರ ಮಾತಾಡ್ರಿ. ಆ ದನಿಗಳ ಗದ್ದಲದಲ್ಲಿ ಚಿಗವ್ವನ ದನಿಯನ್ನು ಅವಳು ಕಣ್ಣು ಮುಚ್ಚಿ ಹುಡುಕುತ್ತಿದ್ದಳು. ತಾನಾಗಿ ಓಡುವ ಯಂತ್ರಗಳು ಬಂದ ಮೇಲೆ ಆ ಸಾಲು ಒಡೆಯಿತು. ಹೆಂಗಸರು ಬಿಲ್ಲಿನ ವಿಭಾಗಕ್ಕೆ, ದೂರಿನ ವಿಭಾಗಕ್ಕೆ ಚದುರಿದರು. ಈಗ ಆ ಕಟ್ಟಡದಲ್ಲಿ ಪೀಠೋಪಕರಣದ ಅಂಗಡಿ ಇದೆ.

ಎಪ್ಪತ್ತು ದಾಟಿದ ಮೇಲೆ ಚಿಗವ್ವನಿಗೆ ಮರೆವು ಶುರುವಾಯಿತು. ಡಾಕ್ಟರು ರೋಗದ ಹೆಸರು ಹೇಳಿ, “ನಿಧಾನಕ್ಕ ಹೋಗ್ತದ, ಆದ್ರ ಹೋಗ್ತದ” ಎಂದಿದ್ದರು. ಆದರೆ ಆಶ್ಚರ್ಯವೆಂಬಂತೆ ಮೂರು ವರ್ಷ ಅವಳು ನಿಂತಲ್ಲೇ ನಿಂತಿದ್ದಳು. ಮುಂಜಾನೆ ಏನು ತಿಂದೆ ಎಂಬುದು ನೆನಪಿರುತ್ತಿರಲಿಲ್ಲ, ಹಳೆಯದೆಲ್ಲ ಚೊಕ್ಕ ಇರುತ್ತಿತ್ತು. ಮಧ್ಯಾಹ್ನ ಟ್ಯಾಬ್ಲೆಟ್ ಹಿಡಿದು ಕೂತರೆ ಸಂಜೆಗೆ ಒಂದಲ್ಲ ಒಂದು ಕತೆ ತಯಾರು. ಗುಳೇದಗುಡ್ಡದ ಖಣದ ಕುಪ್ಪಸ ಹೊಲಿಸಿದ್ದು, ಅವ್ವನ ನೀಲಿ ಬಣ್ಣದ ಹೊಲಿಗೆ ಯಂತ್ರ, ಎಕ್ಸ್‌ಚೇಂಜಿನ ಗೆಳತಿಯರ ಜೊತೆ ಊಟಿಗೆ ಹೋಗಿ ಪುಟ್ಟ ರೈಲಿನಲ್ಲಿ ಚಳಿಗೆ ಒಬ್ಬರನ್ನೊಬ್ಬರು ಅಪ್ಪಿಕೊಂಡು ಕೂತದ್ದು. ಊಟಿಯ ಕತೆಯನ್ನು ದಾನಮ್ಮ ಎಷ್ಟು ಸಲ ಕೇಳಿದ್ದಳೆಂದರೆ ಆ ರೈಲಿನಲ್ಲಿ ತಾನೂ ಇದ್ದೆನೇನೋ ಅನ್ನಿಸುತ್ತಿತ್ತು.

ಬಾಗಿಲು ಮುಚ್ಚಿದ ದಿನದಿಂದ ಆ ಕತೆಗಳು ನಿಂತವು. ಚಿಗವ್ವ ಟ್ಯಾಬ್ಲೆಟ್ ತೆರೆಯುವಳು, ಬಲಗಡೆ ನೋಡುವಳು, ಮುಚ್ಚಿಡುವಳು. ತಿಂಗಳು ಕಳೆಯುವುದರೊಳಗೆ ಬಚ್ಚಲಮನೆಯ ದಾರಿ ತಪ್ಪತೊಡಗಿತು. ಹಗಲು ಜೊತೆಗಿರುತ್ತಿದ್ದ ಶಿವಕ್ಕನನ್ನು “ಯಾರ ಪೈಕಿ ನೀ?” ಎಂದು ದಿನವೂ ಕೇಳತೊಡಗಿದಳು. ಒಂದು ದಿನ ದಾನಮ್ಮ ಕಚೇರಿಯಿಂದ ಬಂದಾಗ ಅವಳು ಗೇಟಿನ ಬಳಿ ಚೀಲ ಹಿಡಿದು ನಿಂತಿದ್ದಳು.

“ಎಲ್ಲಿಗೆ ಚಿಗವ್ವ?”

“ನಮ್ಮ ಮನಿಗೆ ಹೋಗ್ತೀನವಾ. ಇಲ್ಲಿ ಇವರು ಚಲೋ ನೋಡ್ಕೊಂಡಾರ, ಖರೆ. ಆದ್ರ ಎಷ್ಟ ದಿನ ಅಂತ ಮಂದಿ ಮನ್ಯಾಗ ಇರೂದು?”

ದಾನಮ್ಮ ಅವಳ ಕೈಯಿಂದ ಚೀಲ ಇಸಿದುಕೊಂಡು, ಒಳಗೆ ಕರೆತಂದು, ಚಹಾ ಮಾಡಿಕೊಟ್ಟಳು. ಆಮೇಲೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಅತ್ತಳು. ಅಳುತ್ತಲೇ ಅವಳಿಗೆ ಹೊಳೆಯಿತು: ಕತೆಗಳು ಬರುತ್ತಿದ್ದದ್ದು ಸುದ್ದಿಯಿಂದಲ್ಲ, ಪಕ್ಕದ ಪಟ್ಟಿಯಿಂದ. ಖಣದ ಬಟ್ಟೆಯ ಜಾಹೀರಾತು ಕಂಡ ದಿನ ಖಣದ ಕತೆ. ವರ್ಷಗಟ್ಟಲೆ ಬೆನ್ನು ಹತ್ತಿದ್ದ ಆ ಕಂಪನಿಗಳು ಚಿಗವ್ವನಿಗೆ ಏನು ಬೇಕೆಂದು ತಿಳಿದುಕೊಂಡು ಅದನ್ನೇ ದಿನವೂ ಅವಳ ಮುಂದೆ ಹಿಡಿದಿದ್ದವು. ಮರೆವಿನ ನೀರಿನಲ್ಲಿ ಅವಳು ಹಿಡಿದುಕೊಂಡಿದ್ದ ಕಂಬ ಅದು. ಅದನ್ನು ಕಿತ್ತವಳು ತಾನೇ.

ಅವಳೊಬ್ಬಳ ಮನೆಯ ಕತೆಯಲ್ಲ ಅದು. ವಾರದೊಳಗೆ ಇಮ್ತಿಯಾಜ್ ಒಂದು ಕಂತೆ ದೂರುಗಳನ್ನು ಅವಳ ಪರದೆಗೆ ಕಳಿಸಿದ. ಬೀದರಿನಲ್ಲಿ ಒಬ್ಬ ಮುದುಕ ಮಗನ ಗುರುತು ಹಿಡಿಯುತ್ತಿಲ್ಲ. ಕುಂದಾಪುರದಲ್ಲಿ ಒಬ್ಬ ಹೆಂಗಸು ಊಟ ಬಿಟ್ಟಿದ್ದಾಳೆ. ಬೇರೆ ದೇಶಗಳಿಂದಲೂ ಇವೇ ಸುದ್ದಿ. ಮರೆವಿನ ರೋಗಿಗಳು, ಅದೂ ಪರದೆ ನೋಡುತ್ತ ಕೂರುವವರು, ಒಮ್ಮೆಲೇ ಕುಸಿಯುತ್ತಿದ್ದರು. ಡಾಕ್ಟರುಗಳು ಅದಕ್ಕೆ ‘ಖಾಲಿ ಅಂಚಿನ ಕುಸಿತ’ ಎಂದು ಹೆಸರನ್ನೂ ಇಟ್ಟಾಗಿತ್ತು.

“ನಾವು ಕಳ್ಳನ್ನ ಹೊರಗ ಹಾಕೀವಿ ದಾನಕ್ಕ,” ಎಂದ ಇಮ್ತಿಯಾಜ್, “ಆದ್ರ ಕಳ್ಳ ಮುದುಕರಿಗೆ ನೀರು ಕೊಡ್ತಿದ್ದ ಅಂತ ಯಾರಿಗೆ ಗೊತ್ತಿತ್ತು?”

ಆ ಹೊತ್ತಿಗೇ ನಚಿಕೇತ ಬಂದ. ಬೆಂಗಳೂರಿನ ‘ಮರುಭೇಟಿ’ ಎಂಬ ಜಾಹೀರಾತು ಕಂಪನಿಯವನು. ನಲವತ್ತರ ಆಸುಪಾಸು, ಮೆಲುದನಿ. ದಾನಮ್ಮನ ಎದುರು ಕೂತು ಒಂದು ಹೊಸ ಟ್ಯಾಬ್ಲೆಟ್ಟನ್ನು ಮೇಜಿನ ಮೇಲಿಟ್ಟ.

“ಮೇಡಂ, ಹಳೇ ಜಾಡುಗಳೆಲ್ಲ ನಮ್ಮ ಹತ್ರ ಇನ್ನೂ ಇವೆ. ಅಳಿಸೋಕೆ ಗಡುವು ಬರೋವರೆಗೂ ಇರುತ್ತೆ. ಒಕ್ಕೂಟ ಒಂದು ವಿನಾಯಿತಿ ಕೊಟ್ರೆ ಸಾಕು. ಬರೀ ರೋಗಿಗಳಿಗೆ. ಅವರ ಬ್ರೌಸರ್‌ನಲ್ಲಿ ಮಾತ್ರ ನಮ್ಮ ಗುರುತು ಮೊದಲಿನ ಥರ ಓದೋಕೆ ಬಿಡಿ.”

“ರೋಗಿ ಯಾರು, ರೋಗಿ ಅಲ್ಲದವರು ಯಾರು ಅಂತ ಬ್ರೌಸರಿಗೆ ಹೆಂಗ ಗೊತ್ತಾಗಬೇಕ್ರೀ? ಒಬ್ಬರಿಗೆ ತೆಗೆದ ಬಾಗಿಲು ಎಲ್ಲಾರಿಗೂ ತೆಗೆದಂಗ.”

“ಅದನ್ನ ಆಮೇಲೆ ಸರಿ ಮಾಡ್ಕೋಬಹುದು. ನಮ್ಮಮ್ಮನಿಗೂ ಇದೇ ಕಾಯಿಲೆ, ಮೇಡಂ. ಮೊದಲು ನನ್ನ ಹೆಸರು ಹೇಳೋರು. ಈಗ ‘ಡ್ರೈವರ್, ಗಾಡಿ ತಂದ್ಯಾ’ ಅಂತಾರೆ.” ಅವನು ಟ್ಯಾಬ್ಲೆಟ್ಟನ್ನು ಅವಳ ಕಡೆ ಸರಿಸಿದ. “ನಿಮ್ಮ ಮನೇಲೂ ಇದೇ ಕಷ್ಟ ಅಂತ ಕೇಳಿದೆ. ಇದರಲ್ಲಿ ನಿಮ್ಮ ಚಿಕ್ಕಮ್ಮನ ಜಾಡು ಹಾಕಿಸಿಕೊಡ್ತೀನಿ, ನೀವು ಒಪ್ಪಿದ್ರೆ. ಪರೀಕ್ಷೆಗೆ ಅಂತ. ಮನೆಗೆ ತಗೊಂಡ್ಹೋಗಿ. ಆಮೇಲೆ ಒಕ್ಕೂಟದಲ್ಲಿ ನಿಮಗೆ ಏನನ್ಸುತ್ತೋ ಹೇಳಿ.”

ದಾನಮ್ಮನಿಗೆ ಬೇಡ ಎನ್ನಬೇಕೆಂದು ಗೊತ್ತಿತ್ತು. ಗೇಟಿನ ಬಳಿ ಚೀಲ ಹಿಡಿದು ನಿಂತ ಚಿಗವ್ವ ಕಣ್ಣ ಮುಂದೆ ಬಂದಳು. ಒಪ್ಪಿದಳು.

ಮರುದಿನ ಮಧ್ಯಾಹ್ನ ಚಿಗವ್ವ ಹೊಸ ಟ್ಯಾಬ್ಲೆಟ್ ಹಿಡಿದಳು. ಬಲಗಡೆಯ ಪಟ್ಟಿಯಲ್ಲಿ ಮೊದಲು ಮಲ್ಲಿಗೆ ಎಣ್ಣೆಯ ಶೀಶೆ. ಅದರ ಕೆಳಗೆ ಮಂಜು ಕವಿದ ಬೆಟ್ಟ, ಬೆಟ್ಟದ ಮೈಗೆ ಅಂಟಿಕೊಂಡು ಹತ್ತುವ ಪುಟ್ಟ ರೈಲು. ಕಿಟಕಿಯಲ್ಲಿ ಎರಡು ಜಡೆಯ ಹುಡುಗಿಯರು. ‘ನೆನಪಿದೆಯೇ ಆ ದಿನಗಳು?’ ಎಂಬ ಬರಹ. ಚಿಗವ್ವ ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಬೆನ್ನು ನೆಟ್ಟಗಾಯಿತು.

“ದಾನಿ,” ಎಂದು ಕೂಗಿದಳು. ಎಷ್ಟೋ ದಿನಗಳ ನಂತರ ಹೆಸರು ಹಿಡಿದು ಕೂಗಿದ್ದಳು. “ನಮ್ಮ ಪೇಪರ್ ಬಂತು ನೋಡವಾ!”

ಆ ವಾರ ಮನೆ ಮೊದಲಿನಂತಾಯಿತು. ಚಿಗವ್ವ ತಾನೇ ಜಡೆ ಹಾಕಿಕೊಂಡಳು, ಶಿವಕ್ಕನಿಗೆ ಜುಣಕ ಮಾಡುವುದನ್ನು ಹೇಳಿಕೊಟ್ಟಳು, ಉಪ್ಪು ಕಡಿಮೆಯೆಂದು ಬೈದಳು. ಆ ಬೈಗುಳ ಕೇಳಿ ದಾನಮ್ಮ ಬಾಗಿಲ ಮರೆಯಲ್ಲಿ ನಿಂತು ನಕ್ಕಳು. ವಿನಾಯಿತಿಗೆ ಕೈ ಎತ್ತುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿದಳು. ಅದೇ ಹುರುಪಿನಲ್ಲಿ ಚಿಗವ್ವನ ಹಳೆಯ ಗೆಳತಿ ಲೀನಾ ಫರ್ನಾಂಡಿಸ್ ಅವರಿಗೆ ಫೋನ್ ಮಾಡಿದಳು. ಎಕ್ಸ್‌ಚೇಂಜಿನಲ್ಲಿ ಚಿಗವ್ವನ ಪಕ್ಕದ ಕುರ್ಚಿಯವರು; ಗದಗ ರೋಡಿನ ರೈಲ್ವೆ ಕಾಲೊನಿಯ ಹತ್ತಿರ ಮಗಳ ಮನೆಯಲ್ಲಿದ್ದರು. ಮಂಡಿನೋವಿನಿಂದ ಹೊರಗೆ ಬರುವುದು ಬಿಟ್ಟು ವರ್ಷಗಳಾಗಿದ್ದವು. “ಕಸ್ತೂರಿ ಮಾತಾಡಾಕತ್ಯಾಳ ಅಂದ್ರ ಮಂಡಿ ಮುರದ್ರೂ ಬರ್ತೀನಿ,” ಎಂದು ಆಟೋ ಹಿಡಿದು ಬಂದರು.

ಇಬ್ಬರೂ ಪಡಸಾಲೆಯಲ್ಲಿ ಕೈ ಕೈ ಹಿಡಿದು ಕೂತರು. ದಾನಮ್ಮ ಗಿರ್ಮಿಟ್ ಕಲಸಿ ತಂದಿಟ್ಟಳು. ಚಿಗವ್ವ ಊಟಿಯ ಕತೆ ತೆಗೆದಳು: ಮಂಜು, ಪುಟ್ಟ ರೈಲು, ಹಲ್ಲು ಕಟಕಟ ಎನ್ನುವ ಚಳಿ, ಲೀನಾ ತನ್ನ ಸ್ವೆಟರ್ ಬಿಚ್ಚಿ ಅವಳಿಗೆ ಹೊದಿಸಿದ್ದು. ಲೀನಾ ಮೊದಲು ನಗುತ್ತಿದ್ದರು. ನಿಧಾನಕ್ಕೆ ನಗು ಹೋಯಿತು.

“ಕಸ್ತೂರಿ, ನಾವು ಊಟಿಗೆ ಯಾವಾಗ ಹೋಗಿದ್ವಿ?”

“ಮರತೇನು? ನೀನ ಟಿಕೆಟ್ ತಗಿಸಿದ್ದಿ.”

“ನಾಲ್ಕು ಮಂದಿಗೆ ಒಮ್ಮೆಲೇ ರಜಾ ಯಾರು ಕೊಡ್ತಿದ್ರು ನಮಗ? ನಾವು ಹೋಗಿದ್ದು ಗೋಕಾಕ ಫಾಲ್ಸಿಗೆ. ಅದೂ ಮುಂಜಾನೆ ಹೋಗಿ ಸಂಜೀಗೆ ಪಾಳಿಗೆ ಬಂದಿದ್ವಿ.” ಆಮೇಲೆ ದಾನಮ್ಮನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, “ನಾ ಊಟೀನ ನೋಡಿಲ್ಲ ದಾನಿ. ಮದುವಿ ಆದ ಮ್ಯಾಲೂ ನೋಡಿಲ್ಲ,” ಎಂದರು.

ಅವ್ವನ ನೀಲಿ ಹೊಲಿಗೆ ಯಂತ್ರವೂ ಸುಳ್ಳೇ. ಅವರ ಮನೆಯಲ್ಲಿ ಸೂಜಿ ದಾರ ಬಿಟ್ಟರೆ ಬೇರೇನೂ ಇರಲಿಲ್ಲ, ಕುಪ್ಪಸಗಳನ್ನು ದುರ್ಗದಬೈಲಿನ ಸಿಂಪಿಗನ ಹತ್ತಿರ ಹೊಲಿಸುತ್ತಿದ್ದರು ಎಂದು ಲೀನಾ ನೆನಪಿಸಿಕೊಂಡರು. ಖಣದ ಬಟ್ಟೆ ಮಾತ್ರ ನಿಜ.

ಮರುದಿನ ದಾನಮ್ಮ ಮತ್ತು ಇಮ್ತಿಯಾಜ್ ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಆ ಟ್ಯಾಬ್ಲೆಟ್ಟಿನ ಒಳಗನ್ನು ಬಿಚ್ಚಿ ನೋಡಿದರು. ‘ಮರುಭೇಟಿ’ಯ ಯಂತ್ರ ಇದ್ದ ಜಾಹೀರಾತನ್ನು ತಂದು ತೋರಿಸುತ್ತಿರಲಿಲ್ಲ. ನೋಡುವವಳ ವಯಸ್ಸು, ಊರು, ಅವಳ ಕಣ್ಣು ಎಲ್ಲಿ ಎಷ್ಟು ಹೊತ್ತು ನಿಂತಿತು ಎಂಬುದನ್ನೆಲ್ಲ ಜಾಡಿನಿಂದ ತಿಳಿದು, ಅವಳ ಪ್ರಾಯದ ಕಾಲದ ಬಣ್ಣಗಳಲ್ಲಿ ಹೊಸ ಚಿತ್ರ ಹೆಣೆಯುತ್ತಿತ್ತು. ಎಂದೋ ಒಂದು ದಿನ ಪ್ರವಾಸದ ಕಂಪನಿಯೊಂದು ಊಟಿಯ ಟಿಕೆಟ್ ಮಾರಬೇಕಿತ್ತು. ಎಂಬತ್ತರ ದಶಕದ ಜಡೆ, ಆ ಕಾಲದ ಸೀರೆಯ ಅಂಚು, ಮಾಸಿದ ಫೋಟೋದ ಹಳದಿ ಹಾಕಿ ಚಿತ್ರ ಮಾಡಿತು. ಚಿಗವ್ವ ನೋಡಿ ನಿಂತಳು. ನಿಂತಳೆಂದು ಮತ್ತೆ ತೋರಿಸಿತು. ಮತ್ತೆ ನಿಂತಳು. ಮರೆವು ಶುರುವಾದ ಮೇಲೆ ನೋಡಿದ್ದು ಯಾವುದು, ನಡೆದದ್ದು ಯಾವುದು ಎಂಬ ಗೋಡೆ ಅವಳಲ್ಲಿ ಬಿದ್ದುಹೋಗಿತ್ತು. ಚಿತ್ರ ಒಳಗೆ ಇಳಿದು ನೆನಪಾಗಿ ಕೂತಿತು.

“ನಿಮ್ಮ ಚಿಗವ್ವ ಹಿಡಕೊಂಡಿದ್ದ ಕಂಬ ಅಂತ ಮೊನ್ನೆ ಅಂದಿದ್ರೆಲ್ಲ ದಾನಕ್ಕ,” ಎಂದ ಇಮ್ತಿಯಾಜ್. “ಕಂಬ ಖರೆ. ಆದ್ರ ಅದರಾಗ ಅರ್ಧ ಅವರು ಹುಗದದ್ದು.”

“ಆಕಿ ಸುಖದಿಂದ ಇದ್ದಾಳೋ.”

“ಇದ್ದಾರ್ರಿ. ಅದಕ್ಕ ನಾ ಏನೂ ಹೇಳಾಕತ್ತಿಲ್ಲ.”

ದಾನಮ್ಮ ಮನೆಗೆ ಬಂದು ಎರಡು ದಿನ ಏನೂ ಹೇಳಲಿಲ್ಲ. ಹೇಳದೆ ಇದ್ದುಬಿಡಬಹುದಿತ್ತು. ಚಿಗವ್ವ ಊಟಿಯ ಚಳಿಯಲ್ಲಿ ಬೆಚ್ಚಗಿದ್ದಳು, ಅದರಿಂದ ಯಾರಿಗೇನು ತೊಂದರೆ? ಆದರೆ ತನ್ನನ್ನು ಸಾಕಿದವಳ ವಿಷಯವನ್ನು ಅವಳನ್ನು ಕೇಳದೆ ತೀರ್ಮಾನಿಸಲು ಮನಸ್ಸು ಒಪ್ಪಲಿಲ್ಲ. ಒಂದು ಮುಂಜಾನೆ, ಚಿಗವ್ವನ ತಲೆ ತಿಳಿಯಾಗಿದ್ದ ಹೊತ್ತಿನಲ್ಲಿ, ಕಾಲ ಬಳಿ ಕೂತು ಎಣ್ಣೆ ಹಚ್ಚುತ್ತ ಹೇಳಿದಳು.

“ಚಿಗವ್ವ, ನೀ ಊಟಿಗೆ ಹೋಗಿಲ್ಲಂತ. ಲೀನಾ ಆಂಟಿ ಹೇಳಿದ್ರು. ಆ ಚಿತ್ರ ಈ ಪೇಪರಿನವರು ಮಾಡಿದ್ದು. ಟಿಕೆಟ್ ಮಾರಾಕ.”

ಚಿಗವ್ವ ಕಾಲು ಹಿಂದಕ್ಕೆಳೆದುಕೊಂಡಳು. ಕಣ್ಣುಗಳು ಏನನ್ನೋ ಹುಡುಕಿದವು.

“ಹೋಗಿಲ್ಲೇನು ನಾ?”

“ಇಲ್ಲ.”

“ಹಂಗಾರ ಆ ಚಳಿ ಯಾರದು?”

 ದಾನಮ್ಮನ ಎಣ್ಣೆಯ ಕೈ ಹಾಗೇ ನಿಂತಿತು. ಚಿಗವ್ವ ತನ್ನ ತೋಳುಗಳನ್ನು ತಾನೇ ಸವರಿಕೊಂಡಳು, ಆ ಚಳಿ ಇನ್ನೂ ಅಲ್ಲಿದೆಯೇನೋ ಎಂಬಂತೆ.

“ನನಗ ಹತ್ತಿತ್ತಲ್ಲ ದಾನಿ. ನನ್ನ ಮೈಗೆ ಹತ್ತಿತ್ತು.” ಆಮೇಲೆ, “ನನ್ನದಲ್ಲದ್ದು ನನ್ನ ತಲ್ಯಾಗ ಯಾಕ ಇಟ್ರು? ಕೇಳಬಾರದಾಗಿತ್ತೇನು ಒಂದ ಮಾತು?” ಎಂದಳು. ದನಿಯಲ್ಲಿ ಸಿಟ್ಟಿತ್ತು. ಎಕ್ಸ್‌ಚೇಂಜಿನ ದಿನಗಳ ನಂತರ ದಾನಮ್ಮ ಕೇಳದಿದ್ದ ಸಿಟ್ಟು. “ಮತ್ತ ಬ್ಯಾರೇವು? ಲೀನಾ? ಲೀನಾ ಖರೆ ಇದ್ದಾಳೋ ಇಲ್ಲೋ?”

“ಇದ್ದಾರ ಚಿಗವ್ವ. ಮೊನ್ನೆ ಬಂದಿದ್ರಲ್ಲ.”

“ನೀ?”

“ನಾನೂ ಖರೆ ಇದ್ದೀನಿ.”

ಚಿಗವ್ವ ಅವಳ ಗದ್ದ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಆಮೇಲೆ ಮಂಚದ ಮೇಲಿದ್ದ ಟ್ಯಾಬ್ಲೆಟ್ ತೆಗೆದು ಅವಳ ಮಡಿಲಿಗೆ ಹಾಕಿದಳು.

“ಇದನ್ನ ಅವರಿಗೆ ಕೊಟ್ಟು ಬಾ. ನನಗ ಎಷ್ಟ ಉಳದೈತೋ ಅಷ್ಟ ಸಾಕು.”

ಒಕ್ಕೂಟದ ಸಭೆ ಪರದೆಯ ಮೇಲೆ ನಡೆಯಿತು. ನಚಿಕೇತ ಮಾತಾಡಿದ, ತನ್ನ ತಾಯಿಯ ಹಳೆಯ ವೀಡಿಯೊ ಒಂದನ್ನು, ಈಗಿನದೊಂದನ್ನು ತೋರಿಸಿದ. ಎಷ್ಟೋ ಚೌಕಗಳಲ್ಲಿ ಜನ ಕಣ್ಣೊರೆಸಿಕೊಂಡರು. ದಾನಮ್ಮನ ಸರದಿ ಬಂದಾಗ ಅವಳ ಮುಂದೆ ಬರೆದುಕೊಂಡ ಭಾಷಣವಿತ್ತು. ಓದಲಿಲ್ಲ. ಚಿಗವ್ವ, ಊಟಿ, ಚಳಿ, ಅಷ್ಟನ್ನೇ ನಡೆದಂತೆ ಹೇಳಿದಳು. “ಅವಳಿಗೆ ಈಗ ಕಷ್ಟವಾಗುತ್ತಿದೆ, ಇನ್ನೂ ಆಗುತ್ತದೆ. ಅದು ನಾವು ಬಾಗಿಲು ಹಾಕಿದ್ದರಿಂದಲೇ. ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಬಾಗಿಲು ತೆರೆದರೆ ನಾಳೆ ಅವಳ ತಲೆಯಲ್ಲಿ ಏನಿರುತ್ತದೆ ಎಂಬುದನ್ನು ಟಿಕೆಟ್ ಮಾರುವವನು ನಿರ್ಧರಿಸುತ್ತಾನೆ. ರೋಗ ಇಲ್ಲದ ನಮ್ಮ ತಲೆಯಲ್ಲಿ ಅವರು ಈಗಾಗಲೇ ಏನೇನು ಇಟ್ಟಿದ್ದಾರೆಂದು ನಮಗೂ ಗೊತ್ತಿಲ್ಲ,” ಎಂದಳು.

ವಿನಾಯಿತಿ ಸ್ವಲ್ಪದರಲ್ಲೇ ಬಿದ್ದುಹೋಯಿತು. ಸಭೆ ಮುಗಿದ ಮೇಲೆ ನಚಿಕೇತ ಅವಳಿಗೆ ಫೋನ್ ಮಾಡಿದ. ಸಿಟ್ಟಿನಲ್ಲಿ ಬೈಯುತ್ತಾನೆಂದು ಅವಳು ಕಾದಳು.

“ನಮ್ಮಮ್ಮ ಕಾಶ್ಮೀರದ ಕತೆ ಹೇಳೋರು, ಮೇಡಂ,” ಎಂದ ಅವನು. “ನಮ್ಮಪ್ಪನ ಜೊತೆ ದೋಣಿಮನೇಲಿ ಇದ್ದಿದ್ದು. ನಾನು ಯಾವತ್ತೂ ಯಾರನ್ನೂ ಕೇಳಿ ನೋಡಿಲ್ಲ.” ಫೋನ್ ಇಡುವ ಮುಂಚೆ ಸೇರಿಸಿದ, “ಕೇಳೋದೂ ಇಲ್ಲ.”

ಗಡುವಿನ ದಿನ ಜಾಡುಗಳೆಲ್ಲ ಅಳಿದವು. ನಿಯಂತ್ರಣ ಕೊಠಡಿಯಲ್ಲಿ ಈ ಸಲ ಯಾರೂ ಪೇಡೆ ಹಂಚಲಿಲ್ಲ.

ಇಮ್ತಿಯಾಜ್ ಕೈಕಟ್ಟಿ ಕೂರಲಿಲ್ಲ. ‘ಮನೆ ಅಂಚು’ ಎಂದು ಒಂದು ಪುಟ್ಟ ವ್ಯವಸ್ಥೆ ಮಾಡಿದ. ಸುದ್ದಿಯ ಪುಟದ ಪಕ್ಕದ ಪಟ್ಟಿಯಲ್ಲಿ ಮನೆಯವರೇ ಇಟ್ಟ ಚಿತ್ರಗಳು ಬರುತ್ತಿದ್ದವು. ಯಂತ್ರದಿಂದ ಹೊರಗೆ ಒಂದಕ್ಷರವೂ ಹೋಗುತ್ತಿರಲಿಲ್ಲ, ಹೊರಗಿನದು ಒಳಗೆ ಬರುತ್ತಿರಲಿಲ್ಲ. ದಾನಮ್ಮ ಅದರಲ್ಲಿ ಖಣದ ಬಟ್ಟೆ, ತನ್ನ ಶಾಲೆಯ ಫೋಟೋ, ಗೋಕಾಕದ ಜಲಪಾತದ ಮುಂದೆ ಕಣ್ಣು ಕಿರಿದು ಮಾಡಿ ನಿಂತ ನಾಲ್ವರು ಆಪರೇಟರುಗಳನ್ನು ಇಟ್ಟಳು. ಆ ಫೋಟೋ ಲೀನಾ ಅವರ ಟ್ರಂಕಿನಲ್ಲಿತ್ತು. ಸಾವಿರಾರು ಮನೆಗಳು ಅದನ್ನು ಹಾಕಿಕೊಂಡವು. ಕೆಲವರಿಗೆ ಒಳ್ಳೆಯದಾಯಿತು. ಚಿಗವ್ವನಿಗೆ ಸ್ವಲ್ಪ ಆಯಿತು. ಗೋಕಾಕದ ಫೋಟೋ ನೋಡಿ ಅವಳು “ಬಿಸಲ ಭಾಳ ಇತ್ತು” ಎನ್ನುತ್ತಿದ್ದಳು, ಅಷ್ಟೇ. ಊಟಿಯ ಕತೆ ಹೇಳುವಾಗ ಬರುತ್ತಿದ್ದ ಆ ಹೊಳಪು ಗೋಕಾಕಕ್ಕೆ ಎಂದೂ ಬರಲಿಲ್ಲ. ದಾನಮ್ಮ ಅದನ್ನು ನೋಡಿಯೂ ನೋಡದವಳಂತೆ ಇರಲು ಕಲಿತಳು. ಕೆಲವು ದಿನ, ಕಚೇರಿಯಿಂದ ಬರುವ ದಾರಿಯಲ್ಲಿ, ಆ ಟ್ಯಾಬ್ಲೆಟ್ಟನ್ನು ಕೊಟ್ಟು ಬಂದದ್ದು ತಪ್ಪಾಯಿತೇ ಎಂದು ಅನ್ನಿಸುತ್ತಿತ್ತು. ಆ ಪ್ರಶ್ನೆ ಅವಳನ್ನು ಬಿಡಲಿಲ್ಲ.

ಮರುವರ್ಷ ಚಿಗವ್ವ ಪರದೆಯನ್ನು ಮುಟ್ಟುವುದನ್ನೇ ಬಿಟ್ಟಳು. ಲೀನಾ ಮಾತ್ರ ಬರುವುದು ಬಿಡಲಿಲ್ಲ. ಕ್ರಿಸ್‌ಮಸ್ ಹತ್ತಿರವಿದ್ದ ಒಂದು ಮಧ್ಯಾಹ್ನ ಡಬ್ಬಿ ತುಂಬ ಹಬ್ಬದ ಸಿಹಿತಿಂಡಿ ಕುಲ್‌ಕುಲ್ ಹಿಡಿದು ಬಂದು ಎಂದಿನಂತೆ ಪಕ್ಕದಲ್ಲಿ ಕೂತರು.

“ಹೆಂಗಿದ್ದಿ ಕಸ್ತೂರಿ?”

ಚಿಗವ್ವ ಅವರ ಮುಖವನ್ನು ಸೌಜನ್ಯದಿಂದ ನೋಡಿದಳು. ಗುರುತು ಇರಲಿಲ್ಲ. ಹಿಂದಿನ ಸಲ ಇತ್ತು, ಈಗ ಇರಲಿಲ್ಲ. ಲೀನಾ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವರು ಹಾಗೇ ಕೈ ತಡೆದರು.

“ಆರಾಮ ಇದ್ದೀನವಾ,” ಎಂದಳು ಚಿಗವ್ವ. “ನೀ ಯಾರ ಪೈಕಿ? ಇರಲಿ, ಯಾರರ ಆಗು. ನಿನ್ನ ದನಿ ಭಾಳ ಚಲೋ ಐತಿ.”

“ಹೌದೇನ್ರಿ?” ಎಂದರು ಲೀನಾ. ಅವರ ಬಾಯಲ್ಲಿ ಅವಳಿಗೆ ಮೊದಲ ಸಲ ‘ರೀ’ ಬಂತು.

“ಎಕ್ಸ್‌ಚೇಂಜಿಗೆ ಯಾಕ ಸೇರಬಾರದು ನೀ? ಜಾಗಾ ಖಾಲಿ ಅದಾವ. ನಾ ಸೂಪರ್‌ವೈಸರ್ ಬಾಯಾರಿಗೆ ಹೇಳ್ತೀನಿ.”

“ನನಗ ಏನೂ ಬರೂದಿಲ್ರಿ.”

“ಬರದಿದ್ರ ಏನಾತು? ನಾ ಕಲಸ್ತೀನಿ. ಹಿಂಗ ಕೂಡು, ಬೆನ್ನು ನೆಟ್ಟಗ.”

ಚಹಾದ ಬಟ್ಟಲು ಹಿಡಿದು ಬಂದ ದಾನಮ್ಮ ಬಾಗಿಲಲ್ಲೇ ನಿಂತಳು. ಚಿಗವ್ವನ ಕೈಗಳು ಗಾಳಿಯಲ್ಲಿ ಎದ್ದಿದ್ದವು. ಬೀಗ ಹಾಕಿದ್ದನ್ನು ಮರೆಯುವ, ತುತ್ತು ಬಾಯಿಗೆ ಒಯ್ಯಲು ತಡವರಿಸುವ ಅವೇ ಕೈಗಳು ಈಗ ಕಾಣದ ಹಲಗೆಯ ಮುಂದೆ ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಗುತ್ತಿದ್ದವು.

“ಇಲ್ಲಿ ದೀಪ ಹತ್ತೂತ್ಲೆ ಈ ವಯರು ಇಲ್ಲಿ ಚುಚ್ಚು. ಕೀಲಿ ಮುಂದ ತಳ್ಳು, ನಂಬರ್ ಕೇಳು. ಸಾವಕಾಶ ಕೇಳು, ಹೊಲದಾಗಿಂದ ಎದ್ದು ಬಂದಿರ್ತಾರ, ಗಾಬರಿ ಆಗಿರ್ತಾರ. ಆಮ್ಯಾಲೆ ಈ ಎರಡನೇ ವಯರು ಆ ಊರಿಗೆ ಚುಚ್ಚು. ಆ ಕಡೆಯವರು ಮಾತಾಡಿದ್ರು, ಈ ಕಡೆಯವರು ಮಾತಾಡಿದ್ರು. ಅಷ್ಟಾದ ಕೂಡ್ಲೇ ಕೀಲಿ ಹಿಂದ ಸರಸು. ನಮ್ಮ ಕೆಲಸ ಮುಗೀತು. ಅವರ ಮಾತು ಅವರದು.”

“ತಪ್ಪಿ ಏನರ ಕಿವ್ಯಾಗ ಬಿದ್ರ?” ಎಂದು ಕೇಳಿದರು ಲೀನಾ. ನಲವತ್ತು ವರ್ಷಗಳ ಹಿಂದೆ ಆ ಕೆಲಸವನ್ನೇ ಮಾಡಿದವರು, ಏನೂ ತಿಳಿಯದ ಹೊಸ ಹುಡುಗಿಯ ಹಾಗೆ ಕೇಳಿದರು.

“ಬೀಳ್ತದ. ಸಾವಿನ ಸುದ್ದಿ ಬೀಳ್ತದ, ಮದುವೀ ಮಾತು ಮುರದದ್ದು ಬೀಳ್ತದ. ನಿಮ್ಮ ಓಣಿಯವರದ ಬೀಳ್ತದ.” ಚಿಗವ್ವ ಅವರ ಕಡೆ ಬಾಗಿ, ಯಾರಾದರೂ ಕೇಳಿಯಾರೆಂಬಂತೆ ದನಿ ತಗ್ಗಿಸಿದಳು. “ಮರತಬಿಡಬೇಕು. ಅದಕ್ಕ ನೋಡು ನಮಗ ಪಗಾರ ಕೊಡೂದು.”

ಲೀನಾ ಮುಖ ಬೇರೆ ಕಡೆ ತಿರುಗಿಸಿ, ಸೆರಗಿನಿಂದ ಕಣ್ಣೊತ್ತಿಕೊಂಡು, ಮತ್ತೆ ತಿರುಗಿದರು. ಬೆನ್ನು ನೆಟ್ಟಗೆ ಮಾಡಿ ಕೂತರು.

“ಆತ್ರಿ ಬಾಯಾರ. ಕಲೀತೀನಿ.”

“ಹಂ. ಈಗ ನೋಡು, ಗದಗಿನ ದೀಪ ಹತ್ತೇತಿ,” ಎಂದಳು ಚಿಗವ್ವ. “ನೀನ ತಗೋ.”